ಹಾಕಿದ ದಾರಿ ಒಂದು, ಆ್ಯಪ್ ಹೇಳುವ ದಾರಿ ಇನ್ನೊಂದು

ಪ್ರಶ್ನೆ: ನಾವು ದಾವಣಗೆರೆಯ ನಾಲ್ವರು ಗೆಳೆಯರು, ಎಲ್ಲರದೂ 350 ಸಿಸಿ ಬೈಕು. ದೀಪಾವಳಿ ರಜೆಯಲ್ಲಿ ನಾಲ್ಕು ದಿನದ ಸುತ್ತು ಹಾಕಬೇಕೆಂದಿದ್ದೇವೆ. ಸಂತೇಬೆನ್ನೂರು, ಸೂಳೆಕೆರೆ ನೋಡಿಕೊಂಡು ಶಿವಮೊಗ್ಗ, ಜೋಗ, ಸಿಗಂದೂರು, ಕೊಲ್ಲೂರು, ಆಗುಂಬೆ, ಶೃಂಗೇರಿ, ಚಿಕ್ಕಮಗಳೂರು. ವಾಪಸ್ ಬರುವಾಗ ಕಡೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ. ಲ್ಯಾಪ್‌ಟಾಪಿನಲ್ಲಿ 26 ಪಾಯಿಂಟ್ ಹಾಕಿ ರೂಟ್ ಮಾಡಿದೆ. ಫೋನಿಗೆ ಕಳಿಸಿದರೆ ದಾರಿಯೇ ಬೇರೆ ಬರುತ್ತಿದೆ. ಹೋದ ಏಪ್ರಿಲ್‌ನಲ್ಲಿ ಸಣ್ಣದೊಂದು ರೈಡ್ ಹೋದಾಗಲೂ ಆ್ಯಪ್ ಕೈಕೊಟ್ಟಿತು. ಹರಿಹರದ ಹತ್ತಿರ ಹೈವೇಯಲ್ಲಿ ‘ಯು-ಟರ್ನ್ ತೆಗೆದುಕೊಳ್ಳಿ’ ಎಂದು ಬಿಡದೆ ಹೇಳುತ್ತಲೇ ಇತ್ತು, ಒಂದು ಕಡೆ ನಾಲೆ ಏರಿ ಮೇಲೆ ಹತ್ತಿಸಿ ಬಿಟ್ಟಿತು, ಮಧ್ಯಾಹ್ನದ ಹೊತ್ತಿಗೆ ಫೋನೇ ಕಾದು ಆಫ್ ಆಯಿತು. ಯಾವ ಆ್ಯಪ್ ಹಾಕಿಕೊಳ್ಳಬೇಕು, ದಾರಿ ಹೇಗೆ ಹಾಕಬೇಕು ತಿಳಿಸಿ.

ಉತ್ತರ: ಯಾವ ಆ್ಯಪ್ ಎಂಬುದನ್ನು ಆಮೇಲೆ ನೋಡೋಣ. ನೀವು ಹೇಳಿದ ತೊಂದರೆಗಳಲ್ಲಿ ಫೋನ್ ಕಾದದ್ದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ಬೇರಿನಿಂದ ಬಂದವು. ಲ್ಯಾಪ್‌ಟಾಪಿನಲ್ಲಿ ಹಾಕಿದ ‘ದಾರಿ’ ಫೋನಿಗೆ ಹೋಗಿಯೇ ಇಲ್ಲ, 26 ಪಾಯಿಂಟುಗಳು ಮಾತ್ರ ಹೋಗಿವೆ. ಆ ಪಾಯಿಂಟುಗಳ ನಡುವೆ ಹೇಗೆ ಹೋಗಬೇಕೆಂದು ಫೋನು ತನ್ನ ನಕ್ಷೆ, ತನ್ನ ಸೆಟ್ಟಿಂಗ್, ಆ ಹೊತ್ತಿನ ಟ್ರಾಫಿಕ್ ನೋಡಿಕೊಂಡು ಹೊಸದಾಗಿ ಲೆಕ್ಕ ಹಾಕಿದೆ. ಚಿತ್ರದುರ್ಗದಲ್ಲಿ ಸರ್ವೆ ಕೆಲಸ ಮಾಡುತ್ತಿದ್ದ ಕಾಲದಿಂದ ನಾನು ಜಿಪಿಎಸ್ ಹಿಡಿದು ಓಡಾಡಿದವನು. ಗೂಟ ಎಲ್ಲಿ ಹೊಡೆಯುತ್ತೇವೋ ದಾರ ಅಲ್ಲಿಗೆ ಎಳೆದುಕೊಳ್ಳುತ್ತದೆ, ಗೂಟ ಇಲ್ಲದ ಕಡೆ ದಾರ ಎತ್ತ ಬೇಕಾದರೂ ಜೋಲುತ್ತದೆ. ರೂಟ್ ಹಾಕುವುದೂ ಅದೇ ಕೆಲಸ. ನೀವು ಊರುಗಳಿಗೆ ಗೂಟ ಹೊಡೆದಿದ್ದೀರಿ, ಹೊಡೆಯಬೇಕಾದದ್ದು ರಸ್ತೆಗಳಿಗೆ.

ಮೊದಲು ಫೈಲಿನ ವಿಚಾರ. ರೈಡ್ ಆ್ಯಪ್‌ಗಳ ನಡುವೆ ದಾರಿಯನ್ನು ಸಾಗಿಸುವುದು ಜಿಪಿಎಕ್ಸ್ ಎಂಬ ಫೈಲು. ಇದರೊಳಗೆ ಮೂರು ಬಗೆಯ ಸಂಗತಿ ಇರಬಹುದು: ಬಿಡಿ ಗುರುತುಗಳು, ರೂಟ್, ಟ್ರ್ಯಾಕ್. ರೂಟ್ ಎಂದರೆ ದೂರದೂರದ ಕೆಲವೇ ಪಾಯಿಂಟುಗಳ ಸಾಲು, ನಡುವಿನ ದಾರಿಯನ್ನು ತೆರೆದ ಆ್ಯಪ್ ತಾನೇ ತುಂಬಿಕೊಳ್ಳುತ್ತದೆ. ಟ್ರ್ಯಾಕ್ ಎಂದರೆ ಹತ್ತಿರಹತ್ತಿರ ಇಟ್ಟ ಸಾವಿರಾರು ಚುಕ್ಕೆಗಳ ಗೆರೆ. ಅದನ್ನು ಎಲ್ಲಿ ತೆರೆದರೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಆದರೆ ಬರೀ ಗೆರೆಯನ್ನು ಹಿಂಬಾಲಿಸುವಾಗ ‘ಮುಂದೆ ಎಡಕ್ಕೆ’ ಎಂದು ದನಿಯಲ್ಲಿ ಹೇಳುವ ಸೌಲಭ್ಯ ಎಲ್ಲ ಆ್ಯಪ್‌ಗಳಲ್ಲೂ ಇರುವುದಿಲ್ಲ. ಹಾಗಾಗಿ ನಾನು ಪ್ರತಿ ದಿನದ ದಾರಿಯನ್ನು ಎರಡೂ ರೂಪದಲ್ಲಿ ಇಟ್ಟುಕೊಳ್ಳುತ್ತೇನೆ. ರೂಟ್ ಬಾಯಿ ಬಿಟ್ಟು ದಾರಿ ಹೇಳುತ್ತದೆ. ಟ್ರ್ಯಾಕ್ ಅದರ ಕೆಳಗೆ ಬೇರೆ ಬಣ್ಣದ ಗೆರೆಯಾಗಿ ಮಲಗಿರುತ್ತದೆ. ಎರಡೂ ಒಂದರ ಮೇಲೊಂದು ಇರುವಷ್ಟು ಹೊತ್ತು ಯೋಚನೆಯಿಲ್ಲ. ಅಗಲಿದ ತಕ್ಷಣ ಆ್ಯಪ್ ತನ್ನ ಬುದ್ಧಿ ಓಡಿಸಿದೆ ಎಂದು ಗೊತ್ತಾಗುತ್ತದೆ. ನಾಲ್ವರಿಗೂ ಹಂಚುವಾಗ ಟ್ರ್ಯಾಕನ್ನು ತಪ್ಪದೆ ಹಂಚಿ. ರೂಟ್ ಮಾತ್ರ ಹಂಚಿದರೆ ನಾಲ್ಕು ಫೋನು ನಾಲ್ಕು ದಾರಿ ಹೇಳಬಹುದು.

ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ದಾರಿಗೆ ಹಾಕಬಹುದಾದ ಸ್ಟಾಪುಗಳು ಒಂಬತ್ತು. 26 ಪಾಯಿಂಟು ಅಲ್ಲಿ ಹಿಡಿಯುವುದೇ ಇಲ್ಲ. ಕಂಪ್ಯೂಟರಿನಲ್ಲಿ ಗೆರೆಯನ್ನು ಬೆರಳಿನಿಂದ ಎಳೆದ ಹಾಗೆ ಮೌಸಿನಿಂದ ಎಳೆದು ಬಾಗಿಸುತ್ತೀರಲ್ಲ, ಆ ಬಾಗು ಫೋನಿನವರೆಗೆ ಬರುತ್ತದೆಂದು ನಂಬಿ ಹೊರಡಬೇಡಿ. ಜಿಪಿಎಕ್ಸ್ ಫೈಲನ್ನು ನೇರವಾಗಿ ಅದರಲ್ಲಿ ತೆರೆದು ದಾರಿ ಕೇಳಲೂ ಆಗುವುದಿಲ್ಲ. ಊರೊಳಗೆ ಹೋಟೆಲ್, ಬಂಕ್, ಪಂಕ್ಚರ್ ಅಂಗಡಿ ಹುಡುಕಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ನಾನೂ ಅದನ್ನೇ ಬಳಸುತ್ತೇನೆ. ಆದರೆ ‘ಇದೇ ದಾರಿಯಲ್ಲಿ ಹೋಗಬೇಕು’ ಎಂಬ ಹಟ ನಿಮ್ಮದಾದರೆ, ಜಿಪಿಎಕ್ಸ್ ತೆರೆಯುವ ಇನ್ನೊಂದು ಆ್ಯಪ್ ಬೇಕು. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯ ಮೇಲೆ ನಡೆಯುವ ಓಸ್ಮ್ಆ್ಯಂಡ್ ಎಂಬ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಟ್ರ್ಯಾಕ್ ಹಿಂಬಾಲಿಸುತ್ತದೆ. ಕರ್ವಿಗರ್, ಕ್ಯಾಲಿಮೋಟೊ ಬೈಕಿನವರಿಗೆಂದೇ ಮಾಡಿದವು, ತಿರುವುಳ್ಳ ರಸ್ತೆ ಹುಡುಕಿ ಕೊಡುತ್ತವೆ.

ಈ ‘ತಿರುವುಳ್ಳ ರಸ್ತೆ’ ಎಂಬ ಆಯ್ಕೆಯ ಬಗ್ಗೆ ನಮ್ಮ ಕಡೆಯವರು ಹುಷಾರಾಗಿರಬೇಕು. ಮಲೆನಾಡಿನಲ್ಲಿ ರಸ್ತೆ ತಿರುಗುವುದು ಗುಡ್ಡಕ್ಕಾಗಿ. ಅಲ್ಲಿ ಈ ಆಯ್ಕೆ ಒತ್ತಿದರೆ ಚಂದದ ಘಟ್ಟದ ದಾರಿ ಸಿಗುತ್ತದೆ. ಜಗಳೂರು, ಚಳ್ಳಕೆರೆ, ಹೊಸದುರ್ಗದ ಬಯಲಿನಲ್ಲಿ ರಸ್ತೆ ತಿರುಗುವುದು ಹೊಲದ ಬದುವಿಗೆ, ಕೆರೆ ಏರಿಗೆ, ಊರೊಳಗಿನ ಓಣಿಗೆ. ಯಂತ್ರ ನೋಡುವುದು ಗೆರೆಯ ಬಾಗನ್ನು ಮಾತ್ರ, ಅದಕ್ಕೆ ಎರಡೂ ಒಂದೇ. ಆದ್ದರಿಂದ ಸಾಗರದಿಂದ ಚಿಕ್ಕಮಗಳೂರಿನವರೆಗೆ ಬೇಕಾದರೆ ಅದನ್ನು ಹಾಕಿಕೊಳ್ಳಿ. ಕಡೂರು ದಾಟಿದ ಮೇಲೆ ತೆಗೆದುಬಿಡಿ.

ನಿಮ್ಮ ನಾಲೆ ಏರಿಯ ಕತೆಯೂ ಇದರ ಹತ್ತಿರದ್ದೇ. 2017ರ ಡಿಸೆಂಬರ್‌ನಲ್ಲಿ ಗೂಗಲ್ ಭಾರತಕ್ಕೆಂದೇ ದ್ವಿಚಕ್ರ ವಾಹನದ ಆಯ್ಕೆ ತಂದಿತು. ಕಾರು ಹೋಗದ ಸಂದಿಗೊಂದಿಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪೇಟೆಯೊಳಗೆ ಇದು ವರವೇ. ಭದ್ರಾ ನಾಲೆಯ ಸೀಮೆಯಲ್ಲಿ ಮಾತ್ರ ಸಂದಿ ಎಂದರೆ ಗದ್ದೆಗೆ ಗೊಬ್ಬರ ಹೊರುವ ಏರಿ ದಾರಿ. ಉಪಗ್ರಹದ ಚಿತ್ರದಲ್ಲಿ ಅದು ನೀಟಾಗಿ, ನೇರವಾಗಿ ಕಾಣುತ್ತದೆ. ಒಂದು ಮಳೆ ಬಿದ್ದರೆ ಎರೆ ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಗಟ್ಟಿಯಾಗಿ ಮೆತ್ತಿಕೊಂಡು ಮುಂದಿನ ಚಕ್ರವೇ ತಿರುಗುವುದಿಲ್ಲ. ಹರಪನಹಳ್ಳಿ ಕಡೆಯ ಒಂದು ಅಡ್ಡದಾರಿಯಲ್ಲಿ ನಾನು ಕಡ್ಡಿ ಹಿಡಿದು ಆ ಮಣ್ಣು ಕೆದಕುತ್ತಾ ಒಂದೂವರೆ ಗಂಟೆ ಕೂತಿದ್ದೇನೆ. ಆ ಅಡ್ಡದಾರಿಯಿಂದ ಉಳಿತಾಯವಾದದ್ದು ನಾಲ್ಕು ಕಿ.ಮೀ. ಆವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡೆ: ರೂಟ್ ಹಾಕಿದ ಮೇಲೆ ಉಪಗ್ರಹ ಚಿತ್ರದಲ್ಲಿ ಇಡೀ ಗೆರೆಯನ್ನು ಒಮ್ಮೆ ಬೆರಳಲ್ಲಿ ಓಡಿಸಿ ನೋಡುವುದು. ರಸ್ತೆಯ ಬಣ್ಣ ಕಂದು ಅಥವಾ ಕೆಂಪಗೆ ತಿರುಗಿದ ಕಡೆ, ಅಗಲ ಒಮ್ಮೆಲೇ ಕುಗ್ಗಿದ ಕಡೆ ನಿಲ್ಲಿಸಿ, ಪಕ್ಕದ ದೊಡ್ಡ ರಸ್ತೆಗೆ ಒಂದು ಗೂಟ ಹೊಡೆಯುವುದು. ನಾಲ್ಕು ದಿನದ ದಾರಿಗೆ ಇದು ಅರ್ಧ ಗಂಟೆಯ ಕೆಲಸ. ನೀವು ಹೊರಡುವುದು ದೀಪಾವಳಿಗೆ. ನಮ್ಮ ಮೆಕ್ಕೆಜೋಳದ ಸುಗ್ಗಿಯ ಕಾಲ ಅದು, ಹಳ್ಳಿ ರಸ್ತೆಯಲ್ಲೂ ಸರ್ವಿಸ್ ರಸ್ತೆಯಲ್ಲೂ ಕಾಳು ಹರವಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಬೈಕು ಜಾರುತ್ತದೆ. ಇದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಈಗ ಹರಿಹರದ ಯು-ಟರ್ನ್. ಹೈವೇ 48 ನಡುವೆ ಗೋಡೆಯಿರುವ ರಸ್ತೆ. ನಕ್ಷೆಗೆ ಅದು ಎರಡು ಬೇರೆ ಬೇರೆ ಏಕಮುಖ ರಸ್ತೆಗಳು, ಜೊತೆಗೆ ಎರಡೂ ಕಡೆ ಸರ್ವಿಸ್ ರಸ್ತೆ. ಒಟ್ಟು ನಾಲ್ಕು ಗೆರೆ. ನೀವು ನಕ್ಷೆಯನ್ನು ದೂರವಿಟ್ಟು ನೋಡುತ್ತಾ ಪಾಯಿಂಟ್ ಒತ್ತಿದಾಗ ಅದು ಆಚೆ ಬದಿಯ ಗೆರೆಗೆ ಅಂಟಿದೆ. ನೀವು ಈಚೆ ಬದಿಯಲ್ಲಿ ಹಾದುಹೋಗಿದ್ದೀರಿ. ಆ್ಯಪ್‌ನ ಲೆಕ್ಕದಲ್ಲಿ ನೀವು ಆ ಪಾಯಿಂಟನ್ನು ಮುಟ್ಟಿಲ್ಲ, ಮುಟ್ಟುವವರೆಗೆ ಅದು ಬಿಡುವುದಿಲ್ಲ. ಇಂಥ ರಸ್ತೆಯಲ್ಲಿ ಪಾಯಿಂಟ್ ಇಡುವಾಗ ನಾಲ್ಕೂ ಗೆರೆ ಬಿಡಿಬಿಡಿಯಾಗಿ ಕಾಣುವಷ್ಟು ಹತ್ತಿರ ಹೋಗಿ, ನೀವು ಹೋಗುವ ದಿಕ್ಕಿನ ಬಾಣ ನೋಡಿ ಇಡಿ. ಸಾಧ್ಯವಾದರೆ ಹೈವೇ ಮೇಲೆ ಪಾಯಿಂಟ್ ಇಡಲೇಬೇಡಿ, ಇಳಿದ ಮೇಲೆ ಇಡಿ. ಫ್ಲೈಓವರಿನ ಬಳಿ ಆ್ಯಪ್ ನಿಮ್ಮನ್ನು ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೆಂದು ತೋರಿಸಿದರೆ ಗಾಬರಿ ಬೇಡ. ತೆರೆದ ಬಯಲಿನಲ್ಲೂ ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದು ಸಹಜ, ಅಷ್ಟರಲ್ಲಿ ಎರಡು ರಸ್ತೆ ಅದಲುಬದಲಾಗುತ್ತವೆ.

ಪಾಯಿಂಟುಗಳಲ್ಲಿ ಎರಡು ಜಾತಿ ಎಂಬುದು ಗೊತ್ತಿದ್ದರೆ ಅರ್ಧ ಗೋಳು ತಪ್ಪುತ್ತದೆ. ಒಂದು, ನೀವು ನಿಜವಾಗಿ ನಿಲ್ಲುವ ಜಾಗ. ಇನ್ನೊಂದು, ದಾರಿಯನ್ನು ಹಿಡಿದಿಡಲು ಹೊಡೆದ ಗೂಟ. ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನಗಳು ಮೊದಲನೆಯದಕ್ಕೆ ‘ತಲುಪಿದ್ದೀರಿ’ ಎಂದು ಹೇಳುತ್ತವೆ, ಎರಡನೆಯದನ್ನು ಸದ್ದಿಲ್ಲದೆ ದಾಟುತ್ತವೆ. ಫೋನಿನ ಹಲವು ರೈಡ್ ಆ್ಯಪ್‌ಗಳಲ್ಲೂ ಈ ಭೇದ ಉಂಟು. ಈ ಭೇದ ಮಾಡದ ಆ್ಯಪ್‌ನಲ್ಲಿ ನಿಮ್ಮ 26ಕ್ಕೆ 26ನ್ನೂ ಮುಟ್ಟಿಯೇ ಹೋಗಬೇಕಾಗುತ್ತದೆ. ಒಂದು ತಪ್ಪಿದರೆ ಹಿಂದಕ್ಕೆ ಕರೆಯುತ್ತದೆ. ಆಗ ‘ಸ್ಕಿಪ್’ ಒತ್ತುವುದೊಂದೇ ದಾರಿ. ಆ ಗುಂಡಿ ನಿಮ್ಮ ಆ್ಯಪ್‌ನಲ್ಲಿ ಎಲ್ಲಿದೆ ಎಂದು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ, ಗ್ಲೌಸ್ ಹಾಕಿದ ಕೈಯಲ್ಲಿ ಹುಡುಕಲು ಆಗುವುದಿಲ್ಲ.

ಗೂಟ ಎಲ್ಲಿ ಹೊಡೆಯಬೇಕು? ಕೂಡುರಸ್ತೆಯ ಮೇಲೆ ಬೇಡ. ಅಲ್ಲಿ ಪಾಯಿಂಟು ಬೇರೆ ಕವಲಿಗೆ ಅಂಟುತ್ತದೆ. ನೀವು ಹಿಡಿಯಬೇಕಾದ ಕವಲಿನಲ್ಲಿ ಒಂದೆರಡು ಕಿ.ಮೀ. ಮುಂದೆ, ಬೇರೆ ರಸ್ತೆ ಸೇರದ ಬರೀ ರಸ್ತೆಯ ಮೇಲೆ ಇಡಿ. ನಿಮ್ಮ ಮೊದಲ ದಿನವನ್ನೇ ತೆಗೆದುಕೊಳ್ಳಿ. ದಾವಣಗೆರೆಯಿಂದ ಶಿವಮೊಗ್ಗಕ್ಕೆ ಹರಿಹರ, ಮಲೇಬೆನ್ನೂರು, ಹೊನ್ನಾಳಿ ಮೇಲೂ ಹೋಗಬಹುದು, ಸಂತೇಬೆನ್ನೂರು, ಚನ್ನಗಿರಿ ಮೇಲೂ ಹೋಗಬಹುದು. ನೀವು ‘ಸೂಳೆಕೆರೆ’ ಎಂದು ಹುಡುಕಿ ಪಿನ್ ಹಾಕಿದ್ದರೆ ಅದು ಬಹುಶಃ ನೀರಿನ ನಡುವೆ ಕೂತಿರುತ್ತದೆ. ಅಷ್ಟು ದೊಡ್ಡ ಕೆರೆ. ಆ್ಯಪ್ ಆ ಪಿನ್ನಿಗೆ ಹತ್ತಿರದ ರಸ್ತೆ ಯಾವುದೋ ಅದನ್ನು ಹಿಡಿಯುತ್ತದೆ, ಅದು ಆಚೆ ದಡದ್ದಾದರೂ ಸರಿ. ಹಾಗೆಯೇ ಸಂತೇಬೆನ್ನೂರಿನ ಪುಷ್ಕರಣಿಗೆ ಪಿನ್ ಹಾಕಿದರೆ ಊರೊಳಗೆ ಸುತ್ತಿಸುತ್ತದೆ. ನೀವು ಅಲ್ಲಿ ಇಳಿದು ನೋಡುವವರಾದ್ದರಿಂದ ಅದು ನಿಲ್ಲುವ ಜಾಗವಾಗಿಯೇ ಇರಲಿ, ಸೂಳೆಕೆರೆಗೆ ಮಾತ್ರ ಏರಿಯ ಬಳಿಯ ರಸ್ತೆಯ ಮೇಲೆ ಗೂಟ ಹೊಡೆಯಿರಿ.

ಕೊಲ್ಲೂರಿನಿಂದ ಆಗುಂಬೆಗೂ ಹೀಗೆಯೇ ಎರಡು ದಾರಿ. ಘಟ್ಟ ಹತ್ತಿ ನಗರ (ಬಿದನೂರು), ತೀರ್ಥಹಳ್ಳಿ ಮೇಲೆ ಹೋಗಬಹುದು. ಕರಾವಳಿಯ ಕಡೆ ಇಳಿದು, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಟ್ಟವನ್ನು ಕೆಳಗಿನಿಂದ ಹತ್ತಬಹುದು. ಎರಡೂ ಚಂದ, ಆದರೆ ಎರಡೂ ಬೇರೆ ಬೇರೆ ದಿನಗಳು. ನೀವು ಬರೀ ‘ಕೊಲ್ಲೂರು, ಆಗುಂಬೆ’ ಎಂದು ಬರೆದಿದ್ದೀರಿ. ನಿಮ್ಮ ಬದಲು ಯಂತ್ರ ಆಯ್ಕೆ ಮಾಡಿದೆ. ತೀರ್ಥಹಳ್ಳಿಗೆ ಮುಂಚೆ ಒಂದು ಗೂಟ, ಅಥವಾ ಸೋಮೇಶ್ವರಕ್ಕೆ ಮುಂಚೆ ಒಂದು ಗೂಟ, ಅಷ್ಟೇ ಸಾಕು. ಹೀಗೆ ‘ಇಲ್ಲಿ ಎರಡು ದಾರಿ ಇದೆಯೇ?’ ಎಂದು ಕೇಳಿಕೊಂಡು, ಇದ್ದ ಕಡೆ ಮಾತ್ರ ಗೂಟ ಹೊಡೆದರೆ ದಿನಕ್ಕೆ ಆರೇಳು ಪಾಯಿಂಟಿನಲ್ಲಿ ಮುಗಿಯುತ್ತದೆ. ನಾಲ್ಕು ದಿನವನ್ನು ಒಂದೇ ಫೈಲಿನಲ್ಲಿ ಇಡಬೇಡಿ. ದಿನಕ್ಕೊಂದು ಫೈಲು ಮಾಡಿ, ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು ಎಂದರೆ ಇನ್ನೂ ಒಳ್ಳೆಯದು. ದೂರ ಹೆಚ್ಚಾದಷ್ಟೂ ಹಲವು ಆ್ಯಪ್‌ಗಳು ನಡುವಿನ ಸಣ್ಣ ರಸ್ತೆ ಬಿಟ್ಟು ಹೆದ್ದಾರಿಗೆ ವಾಲುತ್ತವೆ. ತುಂಡು ಮಾಡಿದರೆ ಆ ವಾಲಿಕೆ ಕಡಿಮೆ.

ಸಿಗಂದೂರಿನ ವಿಚಾರ ಬೇರೆಯಾಗಿ ಹೇಳಬೇಕು. ಮೊದಲು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದೆವು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ನಿಮ್ಮ ಫೋನಿನಲ್ಲಿ ಅದಕ್ಕಿಂತ ಹಳೆಯ ಆಫ್‌ಲೈನ್ ನಕ್ಷೆ ಇದ್ದರೆ ಅದಕ್ಕೆ ಸೇತುವೆಯೇ ಗೊತ್ತಿಲ್ಲ. ಜೊತೆಗೆ ಸೆಟ್ಟಿಂಗಿನಲ್ಲಿ ‘ದೋಣಿ ಬೇಡ’ ಎಂದು ಹಾಕಿಕೊಂಡಿದ್ದರೆ ಹಿನ್ನೀರನ್ನೆಲ್ಲ ಬಳಸಿ ಬಹಳ ದೂರ ಸುತ್ತಿಸುವ ದಾರಿ ಕೊಡಬಹುದು. ಸಾಗರದಿಂದ ಸಿಗಂದೂರು, ತುಮರಿ, ಕೊಲ್ಲೂರು ಎಂದು ಇಂದೇ ಹಾಕಿ ನೋಡಿ. ದೂರ ಅಸಹಜವಾಗಿ ಬಂದರೆ ನಕ್ಷೆ ಅಳಿಸಿ ಹೊಸದಾಗಿ ಇಳಿಸಿಕೊಳ್ಳಿ. ಇಡೀ ಮಲೆನಾಡಿನ ನಕ್ಷೆಯನ್ನು ಮನೆಯ ವೈ-ಫೈನಲ್ಲೇ ಇಳಿಸಿಕೊಳ್ಳುವುದು ಹೇಗಿದ್ದರೂ ಆಗಬೇಕು. ತುಮರಿ, ಆಗುಂಬೆ ಕಡೆ ನೆಟ್‌ವರ್ಕ್ ನಂಬಬೇಡಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಅದು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ಜಾಗ ಗೊತ್ತುಮಾಡಿಕೊಳ್ಳುತ್ತದೆ. ನೆಟ್‌ವರ್ಕ್ ಬೇಕಾಗುವುದು ಇಳಿಸಿಕೊಳ್ಳದ ನಕ್ಷೆಗೆ, ಟ್ರಾಫಿಕ್‌ಗೆ, ಕೆಲವು ಆ್ಯಪ್‌ಗಳಲ್ಲಿ ಹೊಸ ದಾರಿ ಲೆಕ್ಕ ಹಾಕಲು. ಕಾಡಿನ ಕೆಳಗೆ, ಘಟ್ಟದ ಗೋಡೆಯ ಪಕ್ಕ ಚುಕ್ಕೆ ಅತ್ತಿತ್ತ ಹಾರುವುದು ಸಂಕೇತ ಬಂಡೆಗೆ ಬಡಿದು ತಿರುಗಿ ಬರುವುದರಿಂದ. ಐದು ನಿಮಿಷ ಸುಮ್ಮನಿದ್ದರೆ ಸರಿಹೋಗುತ್ತದೆ.

‘ಟೋಲ್ ಬೇಡ’ ಎಂಬ ಸೆಟ್ಟಿಂಗ್ ಕೂಡ ತೆಗೆಯಿರಿ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಬೈಕಿಗೆ ದುಡ್ಡೇ ಇಲ್ಲ. ಇಲ್ಲದ ಖರ್ಚು ಉಳಿಸಲು ಒಳ್ಳೆಯ ರಸ್ತೆ ಬಿಟ್ಟು ಹಳ್ಳಿ ಸುತ್ತಿದ ಹಾಗಾಗುತ್ತದೆ. ಮುಂದೆ ಯಾವಾಗಲಾದರೂ ಮೈಸೂರು ಕಡೆಗೆ ಹೋದರೆ ನೆನಪಿರಲಿ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಆ್ಯಪ್ ಕಾರಿನ ಆಯ್ಕೆಯಲ್ಲಿದ್ದರೆ ಅಲ್ಲಿಗೇ ಹತ್ತಿಸುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಊರಿನ ಹೆಸರು ಹುಡುಕುವಾಗ ಜಿಲ್ಲೆಯ ಹೆಸರನ್ನೂ ಸೇರಿಸಿ. ರಾಂಪುರ, ಹೊಸಹಳ್ಳಿ, ಬಸವಾಪುರ ಎಂಬ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಹಾಕುವವರು ಅನುಕ್ರಮ ನೋಡಿಕೊಳ್ಳಿ. ದಾವಣಗೆರೆ 14.46, 75.92. ಹಿಂದುಮುಂದಾದರೆ ನಾರ್ವೆಯಿಂದಲೂ ಉತ್ತರಕ್ಕೆ ಸಮುದ್ರದಲ್ಲಿ ಪಿನ್ ಬೀಳುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್‌ವರೆಗೆ ಕರಾರುವಾಕ್ಕಾಗಿರುತ್ತದೆ, ಹೋಂಸ್ಟೇ ಗೇಟು ಹುಡುಕಲು ಅಷ್ಟು ಸಾಕು.

ಇನ್ನು ಫೋನು. ಐಫೋನಿಗೆ ಆಪಲ್ ಹೇಳುವ ಬಳಕೆಯ ತಾಪಮಾನ 35 ಡಿಗ್ರಿಯವರೆಗೆ. ನಮ್ಮ ದುರ್ಗದ ಏಪ್ರಿಲ್‌ನಲ್ಲಿ ನೆರಳೇ ಅದಕ್ಕಿಂತ ಬಿಸಿ. ಪೂರ್ತಿ ಬೆಳಕಿನ ಸ್ಕ್ರೀನು, ಜಿಪಿಎಸ್, ಚಾರ್ಜಿಂಗ್ ಮೂರೂ ಸೇರಿ ಒಳಗಿನಿಂದ ಕಾಯಿಸುತ್ತವೆ, ಪ್ಲಾಸ್ಟಿಕ್ ಕವರು ಆ ಕಾವನ್ನು ಹಿಡಿದಿಡುತ್ತದೆ. ಕವರು ತೆಗೆಯಿರಿ, ತಿರುವಿಲ್ಲದ ಕಡೆ ಸ್ಕ್ರೀನು ಆರಿಸಿ ದನಿಯಲ್ಲೇ ದಾರಿ ಕೇಳಿ. ಹೆಲ್ಮೆಟಿನೊಳಗಿನ ಸ್ಪೀಕರ್ ಮೆಲ್ಲಗಿರಲಿ, ಹಿಂದಿನ ಲಾರಿಯ ಹಾರನ್ ಕೇಳಿಸಬೇಕು. ಸ್ಕ್ರೀನು ಆರಿಸಿದ ಮೇಲೆ ದನಿಯೂ ನಿಂತರೆ, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಕೊಂದಿದೆ ಎಂದರ್ಥ. ಆ್ಯಂಡ್ರಾಯ್ಡ್ ಸೆಟ್ಟಿಂಗಿನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ನಡುಗುವ ಒಂಟಿ ಸಿಲಿಂಡರ್ ಬೈಕಿನಲ್ಲಿ ದುಬಾರಿ ಫೋನು ಕಟ್ಟುವುದು ನನಗೆ ಇಷ್ಟವಿಲ್ಲ. ಬೈಕಿನ ಕಂಪನದಿಂದ ಕ್ಯಾಮೆರಾದ ಫೋಕಸ್ ಕೆಡಬಹುದೆಂದು ಆಪಲ್ 2021ರಲ್ಲೇ ಎಚ್ಚರಿಸಿತ್ತು. ಕಂಪನ ಹೀರುವ ಮೌಂಟ್ ಹಾಕಿಸಿ, ಇಲ್ಲವೇ ಮನೆಯಲ್ಲಿರುವ ಹಳೆಯ ಫೋನು ಕಟ್ಟಿ. ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ಕೆಡದ ಹಾಗೆ ಬಳಸಬಹುದೆಂದು ಮೋಟಾರು ವಾಹನ ನಿಯಮ 2020ರಲ್ಲಿ ತಿದ್ದುಪಡಿಯಾಗಿದೆ. ಮುಂದಿನ ಪಾಯಿಂಟು ಬದಲಿಸಬೇಕಾದರೆ ಬದಿಗೆ ನಿಲ್ಲಿಸಿಯೇ ಮಾಡಿ.

ಸಮಯದ ಲೆಕ್ಕದಲ್ಲಿ ಆ್ಯಪನ್ನು ನಂಬಿ ಸಂಜೆಯ ಹೋಂಸ್ಟೇ ಕಾಯ್ದಿರಿಸಬೇಡಿ. ಬಯಲಿನ ರಾಜ್ಯ ಹೆದ್ದಾರಿಗೆ ಗಂಟೆಗೆ 45 ಕಿ.ಮೀ., ಘಟ್ಟಕ್ಕೆ 30 ಎಂದು ನಾನು ಹಿಡಿಯುತ್ತೇನೆ, ಚಹಾ, ಫೋಟೊ ಎಲ್ಲ ಸೇರಿ. ಕೊನೆಯ ದಿನ ಚಿತ್ರದುರ್ಗದಿಂದ ದಾವಣಗೆರೆಗೆ ಬರುವ 60 ಕಿ.ಮೀ. ಪಶ್ಚಿಮಕ್ಕೆ ವಾಲಿದ ದಾರಿ. ಸಂಜೆ ಐದರ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ನಾಲ್ಕು ದಿನದ ದಣಿವು ಬೇರೆ. ಮೂರೂವರೆಯೊಳಗೆ ದುರ್ಗ ಬಿಡುವ ಹಾಗೆ ಆ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿ.

ಹೊರಡುವ ಹಿಂದಿನ ಭಾನುವಾರ ಒಂದು ಪರೀಕ್ಷೆ ಮಾಡಿ. ದಾವಣಗೆರೆ, ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿ, ವಾಪಸ್. ಅರ್ಧ ದಿನದ ಸುತ್ತು. ನಾಲ್ಕೂ ಫೋನಿಗೆ ಒಂದೇ ಫೈಲು ಹಾಕಿ, ಡೇಟಾ ಆಫ್ ಮಾಡಿಕೊಂಡು ಹೊರಡಿ. ಒಂದು ಕೂಡುರಸ್ತೆಯಲ್ಲಿ ಬೇಕೆಂದೇ ತಪ್ಪು ತಿರುವು ತೆಗೆದುಕೊಂಡು ಯಾರ ಆ್ಯಪ್ ಏನು ಹೇಳುತ್ತದೆ ಕೇಳಿ. ಇನ್ನೊಂದು ಕಡೆ ಒಂದು ಗೂಟವನ್ನು ಬೇಕೆಂದೇ ಬಿಟ್ಟು ಮುಂದೆ ಹೋಗಿ. ಯಾವ ಫೋನು ತಕರಾರಿಲ್ಲದೆ ಗೆರೆಗೆ ಮರಳುತ್ತದೋ ಆ ಫೋನಿನವರನ್ನು ದೀಪಾವಳಿಗೆ ಮುಂದೆ ಬಿಡಿ.